ಲ್ಯಾಟಿನ್ 'ಯಜಮಾನ'ನ ಮನೆತನದ ಇಂಗ್ಲಿಷ್ ಪದಗಳು: ಬೇರು ಹಿಡಿದು ಕಲಿಯೋದು ಹೇಗೆ, ಸಮಗ್ರ ಮಾರ್ಗದರ್ಶಿ

ನಮ್ಮಕ್ಕನ ಮಗಳು ಪಿಯುಸಿ ಓದ್ತಿದಾಳೆ. ಒಂದಿನ ಊಟಕ್ಕೆ ಕೂತಾಗ್ಲೂ ಬಿಡದೆ ಇಂಗ್ಲಿಷ್ ಪದಗಳ ಪಟ್ಟಿ ಹಿಡ್ಕೊಂಡು ಗಿಣಿಪಾಠ ಒಪ್ಪಿಸ್ತಿದ್ಲು, ಡೊಮೇನ್ ಅಂದ್ರೆ ಕ್ಷೇತ್ರ, ಡಾಮಿನೇಟ್ ಅಂದ್ರೆ ಮೇಲುಗೈ ಸಾಧಿಸು, ಡೊಮಿನಿಯನ್ ಅಂದ್ರೆ ಅಧಿರಾಜ್ಯ, ಡಂಜನ್ ಅಂದ್ರೆ ನೆಲಮಾಳಿಗೆ ಸೆರೆಮನೆ, ಹಿಂಗೇ ಸಾಗ್ತಿತ್ತು. ನಾನು ಸುಮ್ನಿರೋದು ಬಿಟ್ಟು "ಇವೆಲ್ಲ ಒಂದೇ ಮನೆಯವು ಕಣೇ, ಯಾಕೆ ಬಿಡಿಬಿಡಿಯಾಗಿ ಉರು ಹೊಡೀತಿದೀಯ" ಅಂದುಬಿಟ್ಟೆ. ಅವಳು ತಟ್ಟೆ ಪಕ್ಕಕ್ಕೆ ತಳ್ಳಿ "ಹಂಗಾದ್ರೆ ತೋರ್ಸು" ಅಂದ್ಲು. ಅವತ್ತು ಶುರುವಾದ ನೋಟ್‌ಬುಕ್ಕು ಈಗ ಮುಕ್ಕಾಲು ತುಂಬಿದೆ, ಅದರಲ್ಲಿ ನಾವಿಬ್ರೂ ಮಾಡ್ಕೊಂಡಿರೋ ದಾರೀನೇ ಇಲ್ಲಿ ಬರೀತಿದೀನಿ. ಕೆಎಎಸ್, ಬ್ಯಾಂಕ್ ಪರೀಕ್ಷೆ ಅಂತ ಓದೋರಿಗೂ ಆಗುತ್ತೆ, ಸುಮ್ನೆ ಪದಗಳ ಹುಚ್ಚು ಇರೋರಿಗೂ ಆಗುತ್ತೆ.

ಮೊದಲು ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಫೋನು. ಫೋನಲ್ಲಿ ಎಟಿಮ್‌ಆನ್‌ಲೈನ್ ಅನ್ನೋ ಪದಮೂಲದ ನಿಘಂಟು ತೆಗೀರಿ, ಜೊತೆಗೆ ಇಂಗ್ಲಿಷ್ ವಿಕ್ಷನರಿ, ಎರಡೂ ಫ್ರೀ. ಒಂದು ಪದ ಹಾಕಿದ್ರೆ ಉದ್ದಕ್ಕೆ ಏನೇನೋ ಬರುತ್ತೆ, ಗಾಬರಿ ಆಗ್ಬೇಡಿ, ನೀವು ನೋಡ್ಬೇಕಾಗಿರೋದು ಮೂರೇ. ಇಂಗ್ಲಿಷಿಗೆ ಯಾವ ಭಾಷೆಯಿಂದ ಬಂತು, ಆ ಭಾಷೆಗೆ ಎಲ್ಲಿಂದ ಬಂತು, ಒಂದೊಂದು ಸ್ಟಾಪಲ್ಲೂ ಅದರ ಅರ್ಥ ಏನಿತ್ತು. ಮೂರನೇದನ್ನ ಜನ ಬಿಟ್ಟುಬಿಡ್ತಾರೆ, ನಿಜವಾದ ಮಜಾ ಇರೋದೇ ಅದರಲ್ಲಿ. ಪದದ ಮುಂದೆ ನಕ್ಷತ್ರ ಗುರುತು ಕಂಡ್ರೆ ಆ ರೂಪ ಯಾವ ಬರಹದಲ್ಲೂ ನೇರವಾಗಿ ಸಿಕ್ಕಿಲ್ಲ, ಪಂಡಿತರು ಲೆಕ್ಕ ಹಾಕಿ ಕಟ್ಟಿದ್ದು ಅಂತ ಅರ್ಥ.

ಹೆಜ್ಜೆ 1: ಯಜಮಾನನ್ನ ಅವನ ಮನೆಯಲ್ಲೇ ನೋಡಿ

ಲ್ಯಾಟಿನ್‌ನಲ್ಲಿ ಡೋಮುಸ್ ಅಂದ್ರೆ ಮನೆ. ಅದರಿಂದ ಆದ ಪದ ಡೋಮಿನುಸ್, ಅಂದ್ರೆ ಆ ಮನೆಗೆ ಸೇರಿದೋನು, ಮನೆ ಆಳೋನು, ಯಜಮಾನ. ಹೆಣ್ಣಾದ್ರೆ ಡೋಮಿನಾ. ಇದನ್ನ ಇಂಗ್ಲಿಷ್ ಮೂಲಕ ಅರ್ಥ ಮಾಡ್ಕೊಳೋಕೆ ಹೋದ್ರೆ ಲಾರ್ಡು ಮಾಸ್ಟರು ಅಂತ ತಲೆ ಕೆಡುತ್ತೆ. ಕನ್ನಡದಲ್ಲಿ ನೋಡಿ, ಎಷ್ಟು ಸಲೀಸು: ಹೆಂಗಸ್ರು ಗಂಡನ ಹೆಸ್ರು ಹೇಳದೆ "ನಮ್ಮ ಮನೆಯವ್ರು" ಅಂತಾರಲ್ಲ, ಅದು ಅಚ್ಚು ಡೋಮಿನುಸ್! ಮನೆ, ಮನೆಯವ್ರು. ಡೋಮುಸ್, ಡೋಮಿನುಸ್. "ಯಜಮಾನ್ರು ಮನೇಲಿಲ್ಲ" ಅಂತ ಬಾಗಿಲಲ್ಲಿ ನಿಂತು ಹೇಳೋ ಮಾತು 2000 ವರ್ಷದ ಹಿಂದೆ ರೋಮಿನ ಬಾಗಿಲಲ್ಲೂ ಯಾರೋ ಗುಲಾಮ ಹೇಳಿರ್ತಾನೆ, ಇದೇ ಪದ ಹಾಕಿ.

ಗುಲಾಮ ಅಂದಿದ್ದು ಸುಮ್ನೆ ಅಲ್ಲ. ರೋಮಿನಲ್ಲಿ ಗುಲಾಮರು ಒಡೆಯನನ್ನ ಕರೀತಿದ್ದ ಪದ ಇದು, ಹಂಗಾಗಿ ಸ್ವತಂತ್ರ ಪ್ರಜೆಗಳಿಗೆ ಇದರ ವಾಸನೆ ಆಗ್ತಿರ್ಲಿಲ್ಲ. ಮೊದಲ ಚಕ್ರವರ್ತಿ ಅಗಸ್ಟಸ್ "ನನ್ನನ್ನ ಡೋಮಿನುಸ್ ಅನ್ಬೇಡಿ" ಅಂತ ತಡೀತಿದ್ದ. ಆಮೇಲೆ ಬಂದ ಡೊಮಿಷಿಯನ್‌ಗೆ ಅದೇ ಬೇಕಿತ್ತು, ಒಡೆಯ ಮತ್ತು ದೇವರು ಅಂತಲೇ ಕರೀಬೇಕು ಅಂತ ಹಟ. ಕ್ರಿ.ಶ. 284ರಲ್ಲಿ ಪಟ್ಟಕ್ಕೆ ಬಂದ ಡಯೋಕ್ಲೀಷಿಯನ್ ಕಾಲದಿಂದಾಚೆಯ ಆಳ್ವಿಕೆಗೆ ಇತಿಹಾಸಕಾರರು ಕೊಟ್ಟಿರೋ ಹೆಸ್ರೇ ಡಾಮಿನೇಟ್. ಕೊನೆಗೆ ಕ್ರೈಸ್ತರು ಈ ಪದಾನ ಎತ್ತಿ ದೇವರಿಗೇ ಕೊಟ್ಟುಬಿಟ್ರು. ಮನೆ ಯಜಮಾನ, ಗುಲಾಮನ ಒಡೆಯ, ಚಕ್ರವರ್ತಿ, ದೇವರು, ಈ ನಾಲ್ಕು ಮೆಟ್ಟಿಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರ್ಕೊಳಿ, ಮುಂದೆ ಬರೋ ಪದ ಯಾವ ಮೆಟ್ಟಿಲಿಂದ ಇಳಿದು ಬಂದಿದೆ ಅಂತ ಕೇಳ್ತಾ ಹೋಗ್ಬಹುದು.

ಇಲ್ಲಿ ಒಂದು ಅಡ್ಡಮಾತು, ತಡ್ಕೊಳೋಕಾಗಲ್ಲ. ಲ್ಯಾಟಿನ್ ಡೋಮುಸ್‌ಗೆ ಸಂಸ್ಕೃತದಲ್ಲಿ ಒಬ್ಬ ಅಣ್ಣತಮ್ಮ ಇದಾನೆ, ದಮ ಅಂತ, ವೇದದಲ್ಲಿ ಮನೆ ಅನ್ನೋ ಅರ್ಥದಲ್ಲಿ ಬರುತ್ತೆ. ಮನೆಯ ಒಡೆಯನೇ ದಂಪತಿ, ಅದೇ ಪದ ದ್ವಿವಚನದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆಯ್ತು, ಇವತ್ತು ಲಗ್ನಪತ್ರಿಕೆಯಲ್ಲಿ "ನವದಂಪತಿಗಳನ್ನು ಆಶೀರ್ವದಿಸಿ" ಅಂತೀವಿ. ಗ್ರೀಕರು ಅದೇ ಎರಡು ತುಂಡು ಸೇರಿಸಿ ಡೆಸ್ಪೋಟೇಸ್ ಅಂದ್ರು, ಅಲ್ಲಿಂದ ಬಂದಿದ್ದು ಇಂಗ್ಲಿಷಿನ ಡೆಸ್ಪಾಟ್, ನಿರಂಕುಶ ದೊರೆ. ದಂಪತಿಗೂ ಡೆಸ್ಪಾಟಿಗೂ ಹುಟ್ಟು ಒಂದೇ, ಮದುವೆ ಆಗಿರೋರು ಇದನ್ನ ಹೆಂಗೆ ಬೇಕಾದ್ರೂ ತಗೊಳಿ.

ಹೆಜ್ಜೆ 2: ಪದ ಸವೆಯೋ ರೀತಿ ಕಣ್ಣಿಗೆ ಹಿಡೀಬೇಕು

ಡಾಮಿನೇಟ್ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಮುಖ ಹಂಗೇ ಇದೆ. ಮೇಡಂ, ಡೇಂಜರ್, ಡಂಜನ್ ಇವುಗಳಲ್ಲಿ ಯಜಮಾನ ಎಲ್ಲಿ ಅಂತ ಹುಡುಕ್ಬೇಕಾದ್ರೆ ಒಂದು ಚಿಕ್ಕ ನಿಯಮ ಗೊತ್ತಿರ್ಬೇಕು, ಅದು ನಿಮ್ಮ ಬಾಯಲ್ಲೇ ದಿನಾ ನಡೀತಿರೋದು. ಬೆಂಗಳೂರು ಅಂತ ಬರೀತೀವಿ, ಬಾಯಲ್ಲಿ ಬೆಂಗ್ಳೂರು. ಶಾಸನದ ಪೆರ್ಗಡೆ ಹೆಗ್ಗಡೆ ಆಗಿ ಕೊನೆಗೆ ಹೆಗ್ಡೆ ಆಯ್ತು. ನಡುವೆ ಇರೋ ಒತ್ತಿಲ್ಲದ ಸ್ವರ ಉದುರಿ ಹೋಗುತ್ತೆ, ಅಷ್ಟೇ. ಲ್ಯಾಟಿನ್ ಜನಾನೂ ಮಾತಾಡೋವಾಗ ಡೋಮಿನಾ ಅಂತ ಪೂರ್ತಿ ಅನ್ನದೆ ಡೋಮ್ನಾ ಅಂದ್ರು. ಆ ಡೋಮ್ನಾ ಇಟಲಿಯಲ್ಲಿ ಡೋನ್ನಾ ಆಯ್ತು, ಸ್ಪೇನಿನಲ್ಲಿ ದೋನ್ಯಾ ಆಯ್ತು, ಫ್ರಾನ್ಸಿನಲ್ಲಿ ಡಾಮ್ ಆಯ್ತು. ಫ್ರೆಂಚರ ಡಾಮ್ ಇಂಗ್ಲಿಷಿಗೆ ಬಂದು ಡೇಮ್.

ಹಂಗಾಗಿ ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ ಈ ರೂಪಗಳನ್ನ ಬರ್ಕೊಳಿ: ಡಾಮಿನ್, ಡೊಮ್, ಡೊನ್, ಡೇಮ್, ಡೇನ್, ಡನ್. ಡ ಆದ್ಮೇಲೆ ಯಾವ್ದೋ ಒಂದು ಸ್ವರ, ಆಮೇಲೆ ಮ ಅಥವಾ ನ. ಈ ಆಕಾರ ಕಂಡ ತಕ್ಷಣ ಅನುಮಾನ ಪಡ್ಬೇಕು, ನಂಬಿಬಿಡಬಾರದು. ನಂಬಿ ನಾನು ಬಿದ್ದ ಕಥೆ ಆಮೇಲೆ ಹೇಳ್ತೀನಿ.

ಹೆಜ್ಜೆ 3: ಒಡೆತನದ ಗುಂಪು

ಡೋಮಿನುಸ್‌ಗೆ ಸೇರಿದ್ದು ಡೊಮಿನಿಯುಮ್. ಕನ್ನಡದಲ್ಲಿ ಒಡೆಯ, ಒಡೆತನ ಇದ್ದಂಗೆ. ಒಡವೆ ಕೂಡ ಅದೇ ಬೇರಿನದು, ಮೊದಲು ಒಡವೆ ಅಂದ್ರೆ ಸ್ವತ್ತು, ಆಮೇಲೆ ಅದು ಕತ್ತಲ್ಲಿ ಹಾಕ್ಕೊಳೋ ಚಿನ್ನಕ್ಕೆ ನಿಂತ್ಕೊಳ್ತು. ಮೈಸೂರಿನ ಒಡೆಯರು ಅಂತೀವಲ್ಲ, ಲ್ಯಾಟಿನ್ ಬಲ್ಲ ಪಾದ್ರಿ ಯಾರಾದ್ರೂ ಅದನ್ನ ಭಾಷಾಂತರ ಮಾಡ್ಬೇಕಾಗಿದ್ರೆ ಡೋಮಿನುಸ್ ಅಂತಲೇ ಬರೀಬೇಕಿತ್ತು.

ಡೊಮಿನಿಯುಮ್ ಫ್ರೆಂಚಿನ ಬಾಯಲ್ಲಿ ಹಾದು ಡೊಮೇನ್ ಆಯ್ತು, ಅಂದ್ರೆ ಒಡೆಯನ ಜಮೀನು. ಇಂಗ್ಲಿಷಿನ ಹಳೇ ಕಾನೂನಲ್ಲಿ ಡಿಮೇನ್ ಅಂತ ಇನ್ನೊಂದು ಪದ ಇದೆ, ಬೇರೆಯವ್ರಿಗೆ ಗೇಣಿಗೆ ಕೊಡದೆ ಜಮೀನ್ದಾರ ತಾನೇ ಇಟ್ಕೊಂಡ ನೆಲ, ಅದೂ ಇದೇ ಪದ, ಕಾಗುಣಿತ ಮಾತ್ರ ವಿಚಿತ್ರ, ನಡುವೆ ಒಂದು ಎಸ್ ಇದೆ ಅದನ್ನ ಉಚ್ಚರಿಸೋ ಹಂಗಿಲ್ಲ. ಜಮೀನು ಅನ್ನೋ ಅರ್ಥ ನಿಧಾನಕ್ಕೆ ಹಬ್ತಾ ಹೋಗಿ "ನನ್ನ ಹಿಡಿತದಲ್ಲಿರೋ ವಿಷಯ" ಆಯ್ತು, ಗಣಿತದಲ್ಲಿ ಡೊಮೇನ್ ಆಯ್ತು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ವ್ಯವಸ್ಥೆಯಿಂದ ಇಂಟರ್ನೆಟ್ಟಿನ ಡೊಮೇನ್ ಹೆಸರು ಬಂತು, 1990ರಲ್ಲಿ ಕಾರ್ಲ್ ವೋಸ್ ಮತ್ತು ಜೊತೆಯವರು ಇಡೀ ಜೀವಜಗತ್ತನ್ನೇ ಮೂರು ಡೊಮೇನ್ ಅಂತ ಭಾಗ ಮಾಡಿಟ್ರು. ಈಗ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ಡೊಮೇನ್ ತಗೋಬಹುದು. ತಗೊಂಡಾಗ ನಿಮಗೆ ಸಿಗೋದು ಒಂದು ತುಂಡು ಜಮೀನೇ ಅನ್ಕೊಳಿ, ವರ್ಷಾ ವರ್ಷಾ ಗೇಣಿ ಕಟ್ತಾ ಇರ್ಬೇಕು, ಬಿಟ್ರೆ ಇನ್ನೊಬ್ಬ ಬಂದು ಕೂತ್ಕೊಳ್ತಾನೆ.

ಡೊಮಿನಿಯನ್ ಪದ ನಮಗೆ ಹತ್ತಿರದ್ದು. 1947ರ ಆಗಸ್ಟ್ 15ಕ್ಕೆ ನಾವು ಗಣರಾಜ್ಯ ಆಗ್ಲಿಲ್ಲ, ಡೊಮಿನಿಯನ್ ಆದ್ವಿ, ಬ್ರಿಟಿಷ್ ದೊರೆಯ ಹೆಸ್ರು ಮೇಲಿತ್ತು, 1950ರ ಜನವರಿ 26ಕ್ಕೆ ಅದು ಹೋಯ್ತು. ಪರೀಕ್ಷೆಗೆ ಓದೋರು ಇದನ್ನ ಮರೀತಿದ್ರೆ "ತಲೆ ಮೇಲೆ ಇನ್ನೂ ಒಬ್ಬ ಯಜಮಾನ ಇದ್ದ" ಅಂತ ನೆನಪಿಟ್ಕೊಳಿ, ಎರಡೂವರೆ ವರ್ಷದ ಲೆಕ್ಕ ತಾನಾಗೇ ಸಿಗುತ್ತೆ.

ಕಾಂಡೊಮಿನಿಯಂ ಅಂದ್ರೆ ಜಂಟಿ ಒಡೆತನ. ಈಗ ಅಪಾರ್ಟ್‌ಮೆಂಟಿಗೆ ಅಂತಾರೆ, ಆದ್ರೆ ಮೊದಲು ಇದು ಎರಡು ದೇಶ ಸೇರಿ ಒಂದು ನಾಡನ್ನ ಆಳೋದಕ್ಕೆ ಇದ್ದ ಪದ, 1899ರಿಂದ 1956ರವರೆಗೆ ಸುಡಾನ್ ಮೇಲೆ ಬ್ರಿಟನ್ ಮತ್ತು ಈಜಿಪ್ಟ್ ನಡೆಸಿದ್ದು ಇದನ್ನೇ. ಹೆಸ್ರಿಗೆ ಜಂಟಿ, ಚುಕ್ಕಾಣಿ ಬ್ರಿಟಿಷರ ಕೈಲಿ. ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಲ್ಲಿ ಕೂತಿರೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ.

ಡಾಮಿನೆಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೆಂಡೆಲ್ 1866ರಲ್ಲಿ ಬಟಾಣಿ ಗಿಡದ ಲೆಕ್ಕ ಪ್ರಕಟಿಸಿದಾಗ ಎದ್ದು ಕಾಣೋ ಗುಣಕ್ಕೆ ಬಳಸಿದ್ದು ಇದೇ ಪದದ ಜರ್ಮನ್ ರೂಪ. ಪಶ್ಚಿಮದ ಸಂಗೀತದಲ್ಲಿ ಐದನೇ ಸ್ವರ ಡಾಮಿನೆಂಟ್, ನಮ್ಮ ಪಂಚಮದ ಜಾಗ. ಆದ್ರೆ ನಮ್ಮೂರಿಗೆ ನೇರ ಸಂಬಂಧ ಇರೋದು ಡಾಮಿನೆಂಟ್ ಕಾಸ್ಟ್, ಪ್ರಬಲ ಜಾತಿ ಅಂತೀವಲ್ಲ ಅದು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳ್ಕೊಂಡು ನೋಡಿ, ಅದಕ್ಕೆ ರಾಂಪುರ ಅಂತ ಹೆಸ್ರು ಕೊಟ್ಟು, ಅಲ್ಲಿನ ಪ್ರಬಲ ಜಾತಿ ಬಗ್ಗೆ 1959ರಲ್ಲಿ ಬರೆದ್ರು. ಇವತ್ತು ಚುನಾವಣೆ ಬಂದ್ರೆ ಟೀವಿಯಲ್ಲಿ ದಿನಕ್ಕೆ ನೂರು ಸಲ ಉರುಳೋ ಮಾತು ಅದು. ಶ್ರೀನಿವಾಸ್ ಹೇಳಿದ್ದು ಬರೀ ತಲೆ ಎಣಿಕೆ ಅಲ್ಲ, ಜಮೀನು ಯಾರ ಕೈಲಿದೆ ಅನ್ನೋದೂ ಅದರಲ್ಲಿತ್ತು. ಅಂದ್ರೆ ಗೊತ್ತಿದ್ದೋ ಗೊತ್ತಿಲ್ದೆನೋ ಪದ ಮತ್ತೆ ತನ್ನ ಹಳೇ ಅರ್ಥಕ್ಕೆ, ನೆಲದ ಒಡೆತನಕ್ಕೆ ಬಂದು ನಿಂತಿದೆ.

ಹೆಜ್ಜೆ 4: ಜನರನ್ನ ಕರೆಯೋ ಪದಗಳು

ಇದು ಸುಲಭದ ಗುಂಪು, ಬೇಗ ಮುಗಿಸೋಣ. ಮೇಡಂ ಅಂದ್ರೆ ಫ್ರೆಂಚಿನ ಮಾ ಡಾಮ್, ಲ್ಯಾಟಿನ್‌ನ ಮೇಯಾ ಡೋಮಿನಾ, ನನ್ನ ಒಡತಿ. ನಾವು ಅದಕ್ಕೂ ಬಾಲ ಅಂಟಿಸಿ ಮೇಡಮ್ನೋರು ಅಂತೀವಿ, ಮರ್ಯಾದೆ ಡಬಲ್. ಮಡೋನಾ ಇಟಲಿಯ ರೂಪ, ಅದೇ ಅರ್ಥ. ಇನ್ನು ಮೋನಾ ಲೀಸಾ, ಎಷ್ಟೋ ಜನ ಮೋನಾ ಅಂದ್ರೆ ಅವಳ ಹೆಸ್ರು ಅನ್ಕೊಂಡಿದಾರೆ, ನಾನೂ ಅನ್ಕೊಂಡಿದ್ದೆ. ಅಲ್ಲ. ಮಡೋನಾ ಸವೆದು ಮೋನ್ನಾ ಆಗಿದ್ದು, ಹೆಸ್ರು ಲೀಸಾ ಅಷ್ಟೇ. ನಮ್ಮ ಲೆಕ್ಕದಲ್ಲಿ "ಲೀಸಮ್ನೋರು". ಆ ಚಿತ್ರದ ಕೆಳಗೆ ಕನ್ನಡದಲ್ಲಿ ಹಂಗೆ ಬರೆದ್ರೆ ಆ ನಗು ಇನ್ನೊಂಚೂರು ಅರ್ಥ ಆಗುತ್ತೆ ಅಂತ ನನ್ನ ಅಭಿಪ್ರಾಯ.

ಪ್ರೈಮಾ ಡೋನ್ನಾ ಅಂದ್ರೆ ಒಪೆರಾದ ಮೊದಲ ಗಾಯಕಿ, ಈಗ ಆಫೀಸಲ್ಲಿ ಕೊಂಕಿನ ಮಾತು. ಬೆಲ್ಲಡೋನ್ನಾ ಅಂದ್ರೆ ಚೆಲುವೆ, ಆ ಗಿಡದ ರಸ ಕಣ್ಣಿಗೆ ಬಿಟ್ರೆ ಕಣ್ಣಿನ ಪಾಪೆ ಅಗಲ ಆಗುತ್ತೆ, ಹಿಂದೆ ಇಟಲಿಯ ಹೆಂಗಸ್ರು ಚೆಂದ ಕಾಣ್ಲಿ ಅಂತ ಹಾಕ್ಕೊಳ್ತಿದ್ರು, ಅದರಲ್ಲಿರೋ ಅಟ್ರೋಪಿನ್ ಇವತ್ತಿಗೂ ಕಣ್ಣಿನ ಡಾಕ್ಟರ ಕೈಲಿದೆ (ಗಿಡ ಪೂರ್ತಿ ವಿಷ, ಪ್ರಯೋಗ ಮಾಡೋಕೆ ಹೋಗ್ಬೇಡಿ). ಡ್ಯಾಮ್ಸೆಲ್ ಅಂದ್ರೆ ಪುಟ್ಟ ಒಡತಿ, ಫ್ರೆಂಚರ ಮದ್ಮಜೆಲ್ ಕೂಡ ಅದೇ.

ಗಂಡಸರ ಕಡೆ ಡಾನ್. ಸ್ಪೇನ್ ಮತ್ತು ಇಟಲಿಯಲ್ಲಿ ಮರ್ಯಾದೆಗೆ ಹೆಸರಿಗಿಂತ ಮೊದಲು ಹಾಕೋ ಪದ, ಪೋರ್ಚುಗೀಸರದ್ದು ದೋಂ. ಆಕ್ಸ್‌ಫರ್ಡಿನ ಪ್ರೊಫೆಸರೂ ಡಾನ್, ಭೂಗತ ಲೋಕದೋನೂ ಡಾನ್, ಇಬ್ರೂ ಬೇರಿನಲ್ಲಿ ಒಂದೇ ಮನೆ ಯಜಮಾನ್ರು.

ದೇವರ ಮೆಟ್ಟಿಲಿಂದ ಇಳಿದವು ಇನ್ನೊಂದಿಷ್ಟಿವೆ. ಎ.ಡಿ. ಅಂದ್ರೆ ಆನ್ನೋ ಡೋಮಿನಿ, ಒಡೆಯನ ವರ್ಷದಲ್ಲಿ, 525ರಲ್ಲಿ ಡಯೊನಿಸಿಯಸ್ ಎಕ್ಸಿಗುವಸ್ ಅನ್ನೋ ಸನ್ಯಾಸಿ ಶುರು ಮಾಡಿದ ಎಣಿಕೆ, ನಾವು ಕ್ರಿ.ಶ. ಅಂತ ಬರೆಯೋದು ಅದನ್ನೇ. ಭಾನುವಾರ ಒಡೆಯನ ದಿನ ಆಗಿದ್ರಿಂದ ಸ್ಪ್ಯಾನಿಶ್ ಮತ್ತು ಪೋರ್ಚುಗೀಸಲ್ಲಿ ಡೊಮಿಂಗೊ. ಕೊಲಂಬಸ್ 1493ರ ನವೆಂಬರ್ 3ನೇ ತಾರೀಕು ಒಂದು ದ್ವೀಪ ಕಂಡ, ಅವತ್ತು ಭಾನುವಾರ, ಅದಕ್ಕೇ ಹೆಸ್ರು ಡೊಮಿನಿಕಾ. 2023ರಲ್ಲಿ ಯಶಸ್ವಿ ಜೈಸ್ವಾಲ್ ಮೊದಲ ಟೆಸ್ಟಲ್ಲೇ 171 ಹೊಡೆದ್ನಲ್ಲ, ಆ ಡೊಮಿನಿಕಾನೇ. ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಎರಡನ್ನೂ ಕಲಸಬೇಡಿ. ಮಂಗಳೂರು ಕಡೆಯ ಡೊಮಿನಿಕ್ ಅನ್ನೋ ಹೆಸ್ರು ಒಡೆಯನಿಗೆ ಸೇರಿದೋನು ಅಂತ. ಡಾಮಿನೋಸ್ ಪಿಜ್ಜಾ ಕೂಡ ಅಲ್ಲಿಂದಲೇ, 1960ರಲ್ಲಿ ಮಿಷಿಗನ್‌ನಲ್ಲಿ ಡೊಮಿನಿಕ್ಸ್ ಅನ್ನೋ ಹೆಸ್ರಲ್ಲಿದ್ದ ಅಂಗಡಿ, 1965ರಲ್ಲಿ ಡಾಮಿನೋಸ್ ಆಯ್ತು.

ಹೆಜ್ಜೆ 5: ಒಂದು ಪದ ತಗೊಂಡು ತುದಿ ಮುಟ್ಟೋವರೆಗೆ ಹೋಗಿ

ಈ ಹೆಜ್ಜೆಗೆ ಟೈಮ್ ಕೊಡಿ. ನಾವಿಬ್ರು ತಗೊಂಡಿದ್ದು ಡೇಂಜರ್. ನಮ್ಮ ರಸ್ತೆ ಮೂಲೆಯ ಟ್ರಾನ್ಸ್‌ಫಾರ್ಮರ್ ಮೇಲೆ ಒಂದು ಕೆಂಪು ತಗಡು ಇದೆ, ತಲೆಬುರುಡೆ, ಅದರ ಕೆಳಗೆ ಎರಡು ಮೂಳೆ, ಕನ್ನಡದಲ್ಲಿ ಅಪಾಯ, ಇಂಗ್ಲಿಷಲ್ಲಿ ಡೇಂಜರ್. ಇದರಲ್ಲಿ ಯಜಮಾನ ಎಲ್ಲಿದಾನೆ ಅಂತ ಹುಡುಗಿ ಕೇಳಿದ್ಲು.

ನೋಟ್‌ಬುಕ್ಕಲ್ಲಿ ಪುಟದ ಕೆಳಗಿಂದ ಮೇಲಕ್ಕೆ ಏಣಿ ಹಾಕಿ. ಕೆಳಗಿನ ಮೆಟ್ಟಿಲು ಇವತ್ತಿನ ಡೇಂಜರ್, ಅರ್ಥ ಅಪಾಯ. ಅದರ ಮೇಲೆ ಹಳೇ ಫ್ರೆಂಚಿನ ಡಾಂಜಿಯೇ, ಅರ್ಥ ಒಡೆಯನ ಅಧಿಕಾರ, ಅವನ ಹಿಡಿತ. ಅದರ ಮೇಲೆ ಆಡುಲ್ಯಾಟಿನ್‌ನ ಡೊಮಿನಿಯಾರಿಯುಮ್, ಇದಕ್ಕೆ ನಕ್ಷತ್ರ ಗುರುತಿದೆ. ತುದೀಲಿ ಡೋಮಿನುಸ್. ಈಗ ಅರ್ಥ ಎಲ್ಲಿ ಜಾರಿತು ನೋಡಿ: 13ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ "ಒಬ್ಬನ ಡೇಂಜರಲ್ಲಿರೋದು" ಅಂದ್ರೆ ಅವನ ಕೈಕೆಳಗಿರೋದು ಅಂತ, ಅವನು ಮನಸ್ಸು ಮಾಡಿದ್ರೆ ಉಳಿಸ್ತಾನೆ, ಇಲ್ಲಾಂದ್ರೆ ಮುಗಿಸ್ತಾನೆ. ಅಂಥ ಜಾಗದಲ್ಲಿರೋದು ಅಪಾಯ ಅಲ್ದೆ ಇನ್ನೇನು? ಕಾಲ ಕಳೀತಾ ಒಡೆಯ ಮಾಯ ಆದ, ಅಪಾಯ ಮಾತ್ರ ಉಳೀತು. ಶೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿ ನಾಟಕದಲ್ಲಿ ಪೋರ್ಷಿಯಾ, ಶೈಲಾಕನ ಸಾಲಕ್ಕೆ ಸಿಕ್ಕಿಬಿದ್ದಿರೋ ಆಂಟೋನಿಯೋನ ಕೇಳೋ ಮಾತಲ್ಲಿ ಈ ಹಳೇ ಅರ್ಥ ಇನ್ನೂ ಜೀವಂತ ಇದೆ, ನೀನು ಈ ಶೈಲಾಕನ ಡೇಂಜರಿನೊಳಗೆ ಇದೀಯ ತಾನೇ ಅಂತಾಳೆ. ಪಠ್ಯದಲ್ಲಿ ಆ ಸಾಲು ಬಂದ್ರೆ ಅಪಾಯ ಅಂತ ಓದ್ಕೊಂಡು ಮುಂದೆ ಹೋಗ್ಬೇಡಿ. ಸಾಲ ಕೊಟ್ಟೋನ ಮುಷ್ಟಿಯಲ್ಲಿ ಸಿಕ್ಕೋದು ಏನು ಅಂತ ನಮ್ಮೂರಿನ ರೈತರಿಗೆ ಯಾವ ನಿಘಂಟೂ ಬೇಡ.

ಡಂಜನ್ ಇನ್ನೂ ವಿಚಿತ್ರ, ಅದು ಮೇಲಿಂದ ಕೆಳಕ್ಕೆ ಬಿದ್ದ ಪದ. ಫ್ರೆಂಚಿನ ಡೊಂಜೋನ್ ಅಂದ್ರೆ ಕೋಟೆಯ ನಡುವಿನ ಎತ್ತರದ ಗೋಪುರ, ಒಡೆಯ ಇರೋ ಜಾಗ. ಪ್ಯಾರಿಸ್ ಪಕ್ಕದ ವಿನ್ಸೆನ್ ಕೋಟೆಯಲ್ಲಿ 14ನೇ ಶತಮಾನದ್ದು ಇನ್ನೂ ನಿಂತಿದೆ, ಸುಮಾರು 50 ಮೀಟರ್ ಎತ್ತರ. ಕೋಟೆಯಲ್ಲಿ ಗಟ್ಟಿ ಗೋಡೆ ಇರೋದೇ ಅಲ್ಲಿ, ಹಂಗಾಗಿ ಕೈದಿಗಳನ್ನೂ ಅಲ್ಲೇ ಕೂಡಿ ಹಾಕ್ತಿದ್ರು. ಇಂಗ್ಲಿಷಲ್ಲಿ ಅದು ಇಳೀತಾ ಇಳೀತಾ ನೆಲದಡಿಯ ಕತ್ತಲಕೋಣೆ ಆಯ್ತು, ಫ್ರೆಂಚಲ್ಲಿ ಇವತ್ತಿಗೂ ಗೋಪುರನೇ. ವಿನ್ಸೆನ್ ಗೋಪುರಾನೂ ಆಮೇಲೆ ಜೈಲಾಯ್ತು, 1749ರಲ್ಲಿ ದಿದರೋ ಅನ್ನೋ ಫ್ರೆಂಚ್ ಲೇಖಕನನ್ನ ತಂದು ಹಾಕಿದ್ದು ಅಲ್ಲಿಗೇ.

ಇಂಥ ಏಣಿ ವಾರಕ್ಕೆ ಒಂದು ಹಾಕಿದ್ರೆ ಸಾಕು. ಹತ್ತು ಪದ ಗಬಗಬ ನೋಡೋದಕ್ಕಿಂತ ಒಂದನ್ನ ಹಿಂಗೆ ನೋಡಿದ್ರೆ ಉಳಿದವು ತಾವಾಗೇ ಅಂಟ್ಕೊಂಡು ಬರ್ತವೆ.

ಹೆಜ್ಜೆ 6: ವೇಷಧಾರಿಗಳನ್ನ ಹೊರಗೆ ಹಾಕಿ

ಈಗ ನನ್ನ ಕಥೆ. ಇನ್‌ಡಾಮಿಟಬಲ್ ಅನ್ನೋ ಪದ ನೋಡಿ ಖುಷಿಯಾಗಿ ಮನೆಯ ವಾಟ್ಸಾಪ್ ಗ್ರೂಪಲ್ಲಿ "ಯಜಮಾನನಿಗೂ ಬಗ್ಗದೋನು, ಡೋಮಿನುಸ್‌ನಿಂದ ಬಂದಿದ್ದು" ಅಂತ ಉದ್ದಕ್ಕೆ ಬರೆದು ಹಾಕಿದೆ, ಚಪ್ಪಾಳೆ ಇಮೋಜಿಗಳೂ ಬಂದ್ವು. ಅರ್ಧ ಗಂಟೆಗೆ ಸಂಸ್ಕೃತ ಓದಿರೋ ಚಿಕ್ಕಪ್ಪ ಒಂದೇ ಸಾಲು ಹಾಕಿದ್ರು: "ದಮನ ನೋಡು." ನೋಡಿದೆ. ಲ್ಯಾಟಿನ್‌ನಲ್ಲಿ ಡೋಮಾರೆ ಅಂತ ಬೇರೆ ಕ್ರಿಯಾಪದ ಇದೆ, ಪಳಗಿಸು ಅಂತ, ಸಂಸ್ಕೃತದ ದಮನ, ದಾಂತ ಎಲ್ಲ ಅದರ ನೆಂಟರು, ಇಂಗ್ಲಿಷಿನ ಟೇಮ್ ಕೂಡ. ಇನ್‌ಡಾಮಿಟಬಲ್ ಅಂದ್ರೆ ಪಳಗಿಸೋಕಾಗದ್ದು. ಎದೆಗುಂದಿಸು ಅನ್ನೋ ಅರ್ಥದ ಡಾಂಟ್ (daunt) ಪದಾನೂ ಆ ಕಡೆಯದು. ಮೆಸೇಜ್ ಡಿಲೀಟ್ ಮಾಡೋಕೆ ಹೋದ್ರೆ ಟೈಮ್ ಮೀರಿತ್ತು, ಇನ್ನೂ ಅಲ್ಲೇ ಇದೆ, ಹಬ್ಬಕ್ಕೆ ಸೇರಿದಾಗೆಲ್ಲ ಯಾರಾದ್ರೂ ನೆನೆಸ್ತಾರೆ.

ಅದಕ್ಕೇ ಹಿಂದಿನ ಪುಟದಲ್ಲಿ ಒಂದು ವೇಷಧಾರಿ ಪಟ್ಟಿ ಇಟ್ಕೊಳಿ. ಕಿಂಗ್‌ಡಮ್, ಫ್ರೀಡಮ್ ಇವುಗಳ ಡಮ್ ಲ್ಯಾಟಿನ್ ಅಲ್ವೇ ಅಲ್ಲ, ಹಳೇ ಇಂಗ್ಲಿಷಿನ ಸ್ವಂತ ಪದ, ತೀರ್ಪು ಅನ್ನೋ ಅರ್ಥದ್ದು, ಡೂಮ್ ಅದರದೇ ರೂಪ. ಡೊನೇಷನ್, ಡೋನರ್ ಅಂದ್ರೆ ದಾನ, ಅದು ಡೋನುಮ್‌ನಿಂದ, ನಮ್ಮ ದಾನದ ನೆಂಟ. ಡ್ಯಾಮೇಜ್ ನಷ್ಟ ಅನ್ನೋ ಅರ್ಥದ ಡಾಮ್ನುಮ್‌ನಿಂದ. ಡಮಾಸ್ಕ್ ಬಟ್ಟೆ, ಡ್ಯಾಮ್ಸನ್ ಹಣ್ಣು ಎರಡೂ ಸಿರಿಯಾದ ಡಮಾಸ್ಕಸ್ ಊರಿಂದ. ಡಾನ್ ಬ್ರಾಡ್ಮನ್ ಕ್ರಿಕೆಟ್ಟಿನ ಡಾನೇ ಇರಬಹುದು, ಆದ್ರೆ ಹೆಸ್ರು ಡೊನಾಲ್ಡ್, ಅದು ಗೇಲಿಕ್. ಡೊಮೆಸ್ಟಿಕ್, ಡೊಮಿಸೈಲ್, ಡೋಮ್ ಇವು ವೇಷಧಾರಿಗಳಲ್ಲ, ಪಕ್ಕದ ಮನೆಯವೂ ಅಲ್ಲ, ಮನೆಯೇ. ಡೋಮುಸ್‌ನಿಂದ ನೇರ ಬಂದವು, ಯಜಮಾನನ ಮೂಲಕ ಹಾಯ್ದಿಲ್ಲ, ಬೇರೆ ಬಣ್ಣದ ಪೆನ್ನಲ್ಲಿ ಬರ್ಕೊಳಿ.

ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳಿ: ಈ ಪದದ ಹಳೇ ಅರ್ಥದಲ್ಲಿ ಒಬ್ಬ ಒಡೆಯ, ಅವನ ಕೆಳಗೆ ಏನೋ ಒಂದು ಇದೆಯಾ? ಆ ಜೋಡಿ ಕಾಣ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ನಿಘಂಟು ತೆಗೀರಿ. ಕಂಡ್ರೂ ತೆಗೀರಿ, ನನ್ನಂಗೆ ಆಗ್ಬಾರ್ದು.

ಹೆಜ್ಜೆ 7: ಎರಡನೇ ಯಜಮಾನ, ಇವರು ಮೇಷ್ಟ್ರು

ಮಾಸ್ಟರ್ ಅನ್ನೋ ಇಂಗ್ಲಿಷ್ ಪದ ಬಂದಿದ್ದು ಡೋಮಿನುಸ್‌ನಿಂದ ಅಲ್ಲ, ಮಗಿಸ್ತೆರ್‌ನಿಂದ. ಮಗಿಸ್ ಅಂದ್ರೆ ಹೆಚ್ಚು, ನಮ್ಮ ಮಹಾ ಅದರ ದೂರದ ನೆಂಟ. ಡೋಮಿನುಸ್ ಆಸ್ತಿಯಿಂದ ದೊಡ್ಡೋನು, ಮಗಿಸ್ತೆರ್ ಕೆಲಸದಿಂದ, ತಿಳುವಳಿಕೆಯಿಂದ ದೊಡ್ಡೋನು. ರೋಮಿನ ಪ್ರಾಥಮಿಕ ಶಾಲೆ ಮೇಷ್ಟ್ರಿಗೆ ಮಗಿಸ್ತೆರ್ ಲೂಡಿ ಅಂತಿದ್ರು. ಇದಕ್ಕೆ ಎದುರು ಪದ ಮಿನಿಸ್ತೆರ್, ಮಿನುಸ್ ಅಂದ್ರೆ ಕಡಿಮೆ, ಅಂದ್ರೆ ಆಳು, ಸೇವಕ. ಅಲ್ಲಿಂದ ಬಂದೋರು ಮಿನಿಸ್ಟರು. ವಿಧಾನಸೌಧದ ಕಡೆ ನೋಡಿ ನಗ್ಬೇಡಿ, ಪದಮೂಲದ ಪ್ರಕಾರ ಮೇಷ್ಟ್ರು ಮೇಲೆ, ಮಿನಿಸ್ಟರು ಕೆಳಗೆ, ವರ್ಗಾವಣೆ ಟೈಮಲ್ಲಿ ಮಾತ್ರ ಇದು ಉಲ್ಟಾ.

ಮಾಸ್ಟರ್ ಒತ್ತಿಲ್ಲದೆ ಸವೆದು ಮಿಸ್ಟರ್ ಆಯ್ತು. ಹೆಣ್ಣುರೂಪ ಮಿಸ್ಟ್ರೆಸ್, ಅದರ ಚಿಕ್ಕ ಬರಹ ಮಿಸೆಸ್, ಕಾಗುಣಿತದಲ್ಲಿ ಎಮ್ ಆದ್ಮೇಲೆ ಆರ್ ಯಾಕಿದೆ ಅಂತ ಯಾರಾದ್ರೂ ತಲೆ ಕೆಡಿಸ್ಕೊಂಡಿದ್ರೆ ಉತ್ತರ ಇದೇ, ಮಿಸ್ಟ್ರೆಸ್‌ನ ಆರ್ ಅದು. ಇನ್ನೂ ಮೊಟಕಾಗಿ ಮಿಸ್. ಹಂಗಾಗಿ ಇಸ್ಕೂಲಲ್ಲಿ ಮಕ್ಕಳು "ಮಿಸ್, ಮಿಸ್" ಅಂತ ಕೂಗೋವಾಗ ಅವ್ರು ಮದುವೆ ಆಗಿದೆಯೋ ಇಲ್ವೋ ಕೇಳ್ತಿಲ್ಲ, ಮೇಷ್ಟ್ರು ಅಂತಲೇ ಕೂಗ್ತಿದಾರೆ. ಮ್ಯಾಜಿಸ್ಟ್ರೇಟ್, ಮಾಯೆಸ್ಟ್ರೊ ಇದೇ ಮನೆಯವು, ಫ್ರಾನ್ಸಿನ ದಕ್ಷಿಣದಲ್ಲಿ ಬೀಸೋ ಮಿಸ್ಟ್ರಾಲ್ ಅನ್ನೋ ಚಳಿಗಾಳಿ ಕೂಡ, ಗಾಳಿಗಳ ಯಜಮಾನ ಅಂತ. ಇಂಗ್ಲಿಷರು ಚಿಕ್ಕ ಹುಡುಗನ ಹೆಸರಿಗೂ ಮಾಸ್ಟರ್ ಹಾಕ್ತಾರೆ, ಪುನೀತ್ ಚಿಕ್ಕವರಿದ್ದಾಗ ಸಿನಿಮಾ ಟೈಟಲಲ್ಲಿ ಮಾಸ್ಟರ್ ಲೋಹಿತ್ ಅಂತ ಬರ್ತಿದ್ದಿದ್ದು ಆ ಲೆಕ್ಕದ್ದು. ಮ್ಯಾಗಝಿನ್, ಮ್ಯಾಜಿಕ್ ಈ ಕಡೆಯ ವೇಷಧಾರಿಗಳು, ಒಂದು ಅರಬ್ಬಿ, ಇನ್ನೊಂದು ಗ್ರೀಕರ ಮೂಲಕ ಪರ್ಷಿಯಾದ್ದು.

ಈಗ ಕನ್ನಡಕ್ಕೆ ಬನ್ನಿ. ಮಾಸ್ಟರ್ ನಮ್ಮ ಬಾಯಲ್ಲಿ ಉರುಳಿ ಮೇಷ್ಟ್ರು ಆಯ್ತು. ಅದಕ್ಕೂ ಮುಂಚೆ ಪೋರ್ಚುಗೀಸರು ಹಡಗಿಳಿದಾಗ ಕುಶಲ ಕೆಲಸಗಾರನಿಗೆ ಮೆಸ್ತ್ರೆ ಅಂತಿದ್ರು, ಅದೂ ಮಗಿಸ್ತೆರ್‌ದೇ ಕೂಸು, ಅದು ಇಲ್ಲಿ ಮೇಸ್ತ್ರಿ ಆಯ್ತು. ಒಂದೇ ಲ್ಯಾಟಿನ್ ಪದ ಎರಡು ದಾರಿಯಲ್ಲಿ ಬಂದು ಒಂದು ಕರಿಹಲಗೆ ಮುಂದೆ ನಿಂತಿದೆ, ಇನ್ನೊಂದು ಕರಣೆ ಹಿಡ್ಕೊಂಡಿದೆ.

ಹೆಜ್ಜೆ 8: ಅಭ್ಯಾಸ

ದಿನಕ್ಕೆ ಹತ್ತು ನಿಮಿಷ. ಪೇಪರೋ ಫೋನೋ ಓದೋವಾಗ ಡ-ಸ್ವರ-ಮ/ನ ಆಕಾರ ಕಂಡ್ರೆ ಗುರುತು ಹಾಕ್ಕೊಳಿ, ಮೊದಲು ನೀವೇ ಊಹೆ ಬರೀರಿ, ಆಮೇಲೆ ನಿಘಂಟು ನೋಡಿ, ತಪ್ಪಾದ ಊಹೆ ಅಳಿಸಬೇಡಿ, ಪಕ್ಕದಲ್ಲಿ ಸರಿ ಬರೀರಿ, ತಪ್ಪಿದ್ದೇ ಜಾಸ್ತಿ ನೆನಪಿರುತ್ತೆ. ಶುರುವಿಗೆ ಐದು ಕೊಡ್ತೀನಿ, ಪ್ರಿಡಾಮಿನೆಂಟ್, ಡೊಮಿನೀರ್, ಡುಯೆನ್ನಾ, ಮಾಸ್ಟರ್‌ಪೀಸ್, ಅಬ್ಡೊಮೆನ್. ಇವುಗಳಲ್ಲಿ ಒಂದು ವೇಷಧಾರಿ ಇದೆ, ಯಾವ್ದು ಅಂತ ಹೊಟ್ಟೆ ಮುಟ್ಕೊಂಡು ಯೋಚ್ನೆ ಮಾಡಿ.

ನಮ್ಮ ಮನೆ ಮೇಲೆ ಈಗ ಒಂದು ರೂಮು ಕಟ್ಟಿಸ್ತಿದೀವಿ. ಹುಡುಗಿ ನೋಟ್‌ಬುಕ್ ಹಿಡ್ಕೊಂಡೇ ಮೇಲೆ ಹೋಗಿ ಮೇಸ್ತ್ರಿಗೆ ಪೂರ್ತಿ ಕಥೆ ಹೇಳಿದಾಳೆ, ರೋಮು, ಪೋರ್ಚುಗೀಸರು, ಹಡಗು, ಎಲ್ಲಾ. ಅವ್ರು ತೂಕದ ಗುಂಡು ಕೆಳಗಿಳಿಸಿ, ಗೋಡೆ ನೇರ ಇದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡ್ತಾನೇ ಕೇಳಿಸ್ಕೊಂಡು, "ಹಂಗಾದ್ರೆ ನಾನೂ ಮೇಷ್ಟ್ರೇ ಅನ್ನವ್ವ. ಸರಿ, ನಿಮ್ ಮಾವಂಗೆ ಹೇಳು, ನಾಳೆಗೆ ಸಿಮೆಂಟು ಇನ್ನೂ ಇಪ್ಪತ್ತು ಮೂಟೆ ಬೇಕು" ಅಂದ್ರಂತೆ.